ಶಿಕಾಗೋ ಸುತ್ತಮುತ್ತ ಪ್ರೇರಿ ಮತ್ತು ಜೌಗು ನೋಡಲು ತಂದೆತಾಯಿಯೊಂದಿಗೆ ಎಲ್ಲಿಗೆ, ಯಾವಾಗ ಹೋಗಬೇಕು?

ಪ್ರಶ್ನೆ: ಕೆರೆದಂಡೆ

ನಾವು ಶಿಕಾಗೋದ ಪಶ್ಚಿಮ ಉಪನಗರವೊಂದರಲ್ಲಿ ನೆಲೆಸಿದ್ದೇವೆ. ಜೂನ್ ಕೊನೆಗೆ ಊರಿನಿಂದ ಬರಲಿರುವ ತಂದೆತಾಯಿ ಅಕ್ಟೋಬರ್ ಮುಗಿಯುವವರೆಗೂ ನಮ್ಮೊಡನೆ ಇರುತ್ತಾರೆ. ಎತ್ತರದ ಕಟ್ಟಡಗಳು, ವಸ್ತುಸಂಗ್ರಹಾಲಯಗಳು, ಮಿಶಿಗನ್ ಸರೋವರದ ದಂಡೆ ಇವೆಲ್ಲವನ್ನೂ ಅವರು ಹಿಂದಿನ ಭೇಟಿಯಲ್ಲೇ ನೋಡಿರುವುದರಿಂದ, ಈ ಸಲ ಈ ನೆಲ ಮೊದಲು ಹೇಗಿತ್ತು ಎಂಬುದನ್ನು ತೋರಿಸುವಂಥ ಜಾಗಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಇಲಿನಾಯ್ ರಾಜ್ಯಕ್ಕೆ ಪ್ರೇರಿ ರಾಜ್ಯವೆಂಬ ಬಿರುದಿದ್ದರೂ ಹೆದ್ದಾರಿಯ ಎರಡು ಬದಿಗೆ ನಮಗೆ ಕಾಣುವುದು ಮೆಕ್ಕೆಜೋಳ ಮತ್ತು ಸೋಯಾ ಮಾತ್ರ.

ಪ್ರೇರಿ ಹುಲ್ಲುಗಾವಲನ್ನೂ ಜೌಗನ್ನೂ ಒಟ್ಟಿಗೆ ನೋಡಲು ಸಾಧ್ಯವಾಗುವ, ನಡೆಯಲು ಒಳ್ಳೆಯ ಕಾಲುದಾರಿಗಳಿರುವ ಸಂರಕ್ಷಿತ ಪ್ರದೇಶ ಯಾವುದು, ಮತ್ತು ಅದಕ್ಕೆ ಯಾವ ತಿಂಗಳು ಸೂಕ್ತ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ತಂದೆಯವರಿಗೆ ಮಂಡಿನೋವಿದೆ; ಸಮತಟ್ಟಾದ ದಾರಿಯಾದರೆ ನಿಧಾನವಾಗಿ ಒಂದು ಗಂಟೆ ನಡೆಯಬಲ್ಲರು, ಏರುತಗ್ಗು ಆಗದು. ತಾಯಿ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವರು, ದಾರಿಯ ಬದಿಯ ಪ್ರತಿ ಗಿಡಕ್ಕೂ ನಿಲ್ಲುವವರು. ನಮ್ಮ ಸಣ್ಣ ಮಗಳಿಗೆ ಬೈಸನ್ ಎಂಬ ಅಮೆರಿಕದ ಕಾಡೆಮ್ಮೆಯನ್ನು ನೋಡಲೇಬೇಕೆಂಬ ಹಟ. ಇನ್ನು ನನಗೆ ಉಣುಗುಗಳ ಭಯ. ಅವುಗಳಿಂದ ಲೈಮ್ ರೋಗ ಬರುತ್ತದೆಂದು ಕೇಳಿ ಹುಲ್ಲಿಗೆ ಕಾಲಿಡುವುದಕ್ಕೇ ಹಿಂಜರಿಯುತ್ತಿದ್ದೇನೆ. ಪರಿಚಿತರೊಬ್ಬರು "ಅಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ, ದಿನ ವ್ಯರ್ಥ" ಎಂದಿದ್ದಾರೆ. ಆ ಮಾತು ನಿಜವೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ: ಜೊಂಡುಹಕ್ಕಿ

ನಿಮ್ಮ ಪರಿಚಿತರು ಬಹುಶಃ ಮೇ ತಿಂಗಳ ಮೊದಲ ವಾರದಲ್ಲೋ, ಜುಲೈನ ನಡುಮಧ್ಯಾಹ್ನದಲ್ಲೋ ಹೋಗಿರಬೇಕು. ಪ್ರೇರಿಯ ಮಟ್ಟಿಗೆ ಯಾವ ಜಾಗ ಎಂಬುದಕ್ಕಿಂತ ಯಾವ ವಾರ, ಯಾವ ಹೊತ್ತು ಎಂಬುದು ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ವಸಂತದ ಆರಂಭದಲ್ಲಿ ಇಲ್ಲಿನ ಹುಲ್ಲು ಪಾದದ ಎತ್ತರಕ್ಕೂ ಬಂದಿರುವುದಿಲ್ಲ, ಏಕೆಂದರೆ ಪ್ರೇರಿಯ ಮುಖ್ಯ ಹುಲ್ಲುಗಳೆಲ್ಲ ಬೇಸಿಗೆಯ ಬಿಸಿಗೆ ಬೆಳೆಯುವಂಥವು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಹೂವಿನ ಕಾಲ: ಹಳದಿ ಕೋನ್‌ಫ್ಲವರ್, ನೇರಳೆ ಕದಿರಿನ ಬ್ಲೇಜಿಂಗ್ ಸ್ಟಾರ್, ಕಂಪಾಸ್ ಗಿಡ ಎಲ್ಲವೂ ಒಟ್ಟಿಗೆ ಅರಳಿರುತ್ತವೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ ಹುಲ್ಲಿನ ಕಾಲ, ಆಗ ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲು ಆರರಿಂದ ಎಂಟು ಅಡಿ ಎತ್ತರಕ್ಕೆ ನಿಂತು ದೊಡ್ಡವರನ್ನೂ ಮುಚ್ಚಿಬಿಡುತ್ತದೆ. ಅಕ್ಟೋಬರ್‌ನಲ್ಲಿ ಅದೇ ಹುಲ್ಲು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ತಂದೆತಾಯಿ ಇರುವ ಅವಧಿಯಲ್ಲಿ ಒಂದೇ ದಿನವನ್ನು ಆರಿಸಿಕೊಳ್ಳಬೇಕೆಂದರೆ ನಾನು ಸೆಪ್ಟೆಂಬರ್‌ನ ಮೊದಲೆರಡು ವಾರಗಳನ್ನು ಸೂಚಿಸುತ್ತೇನೆ. ಗೋಲ್ಡನ್‌ರಾಡ್ ಮತ್ತು ಆಸ್ಟರ್ ಹೂಗಳೂ ಇರುತ್ತವೆ, ಬಿಸಿಲೂ ಸ್ವಲ್ಪ ತಗ್ಗಿರುತ್ತದೆ. ಪ್ರೇರಿಯಲ್ಲಿ ನೆರಳೆಂಬುದು ಇಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಜೌಗಿಗೆ ನನ್ನ ಮೊದಲ ಆಯ್ಕೆ ಲೇಕ್ ಕೌಂಟಿಯ ವೋಲೋ ಬಾಗ್. ಹಿಮಯುಗದ ಕೊನೆಯಲ್ಲಿ ಹಿಮನದಿ ಹಿಂದೆ ಸರಿಯುವಾಗ ನೆಲದಲ್ಲಿ ಹೂತುಳಿದ ದೊಡ್ಡ ಹಿಮಗಡ್ಡೆ ಕರಗಿ ಉಂಟಾದ ಆಳವಾದ ಗುಂಡಿಯದು. ಅದರ ನೀರಿನ ಮೇಲೆ ಸ್ಫ್ಯಾಗ್ನಮ್ ಪಾಚಿ ಮತ್ತು ಜೇಕುಗಳು ಹೆಣೆದುಕೊಂಡು ತೇಲುವ ನೆಲವೇ ನಿರ್ಮಾಣವಾಗಿದೆ. ಸುಮಾರು ಅರ್ಧ ಮೈಲಿಯ ಹಲಗೆದಾರಿ ಆ ತೇಲುನೆಲದ ಮೇಲೆಯೇ ಹಾದುಹೋಗುವುದರಿಂದ, ನಾಲ್ಕಾರು ಜನ ಒಟ್ಟಿಗೆ ನಡೆದಾಗ ದಾರಿ ಮೆಲ್ಲಗೆ ಅಲುಗುವುದು ಕಾಲಿಗೆ ತಿಳಿಯುತ್ತದೆ. ನಿಮ್ಮ ತಾಯಿಯವರಿಗೆ ಇದು ಪಾಠದ ಪುಸ್ತಕದ ಅನುಕ್ರಮಣ (ಒಂದು ಬಗೆಯ ಸಸ್ಯಗಳ ಜಾಗಕ್ಕೆ ಕಾಲಕ್ರಮದಲ್ಲಿ ಇನ್ನೊಂದು ಬಗೆ ಬರುವುದು) ಎಂಬ ಅಧ್ಯಾಯವನ್ನು ಉಲ್ಟಾ ದಿಕ್ಕಿನಲ್ಲಿ ನಡೆದಂತೆ: ಅಂಚಿನಲ್ಲಿ ಜೊಂಡು, ಬಳಿಕ ಪೊದೆಗಳು, ಬಳಿಕ ಟ್ಯಾಮರಾಕ್ ಮರಗಳು, ಅವನ್ನು ದಾಟಿದರೆ ಪಾಚಿಯ ಹಾಸು, ಕೊನೆಗೆ ನಟ್ಟನಡುವೆ ತೆರೆದ ನೀರು. ಕೀಟಗಳನ್ನು ಹಿಡಿಯುವ ಪಿಚರ್ ಗಿಡವೂ ಅಲ್ಲಿದೆ. 1972ರಲ್ಲಿ ಅದಕ್ಕೆ ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತಿನ ಮನ್ನಣೆ ದೊರೆಯಿತು. ಹಲಗೆದಾರಿಯನ್ನು ದುರಸ್ತಿಗಾಗಿ ಆಗಾಗ ಮುಚ್ಚುವುದುಂಟು, ಆದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು.

ಬೈಸನ್‌ಗಾಗಿ ಮಿಡೇವಿನ್‌ಗೆ ಹೋಗಬೇಕು. ಜೋಲಿಯೆಟ್ ನಗರದ ದಕ್ಷಿಣಕ್ಕೆ, ವಿಲ್ಮಿಂಗ್ಟನ್ ಬಳಿಯಿರುವ ಈ ಪ್ರದೇಶ 1996ರಲ್ಲಿ ದೇಶದ ಮೊದಲ ರಾಷ್ಟ್ರೀಯ ಎತ್ತರಹುಲ್ಲಿನ ಪ್ರೇರಿಯಾಗಿ ಘೋಷಿತವಾಯಿತು. 2015ರಲ್ಲಿ ಅಲ್ಲಿಗೆ ಬೈಸನ್‌ಗಳನ್ನು ತಂದು ಬಿಡಲಾಯಿತು. ಅದಕ್ಕೂ ಮೊದಲು ಅದು ಸೇನೆಯ ಮದ್ದುಗುಂಡು ಕಾರ್ಖಾನೆ. ಮಣ್ಣು ಮುಚ್ಚಿದ, ಈಗ ಹುಲ್ಲು ಬೆಳೆದ ಕಾಂಕ್ರೀಟ್ ಉಗ್ರಾಣಗಳ ಸಾಲುಗಳು ಇನ್ನೂ ಅಲ್ಲಿವೆ, ಮತ್ತು ನನ್ನ ಮಟ್ಟಿಗೆ ಬೈಸನ್‌ಗಳಿಗಿಂತ ಅವೇ ಹೆಚ್ಚು ವಿಚಿತ್ರವಾದ ನೋಟ. ಐರನ್ ಬ್ರಿಜ್ ಎಂಬ ಕಾಲುದಾರಿಯ ಆರಂಭಸ್ಥಳದಿಂದ ಬೈಸನ್ ಬೇಲಿಯತ್ತ ಹೋಗಬಹುದು.

ಎರಡನ್ನೂ ಒಂದೇ ಕಡೆ ನೋಡಬೇಕೆಂಬ ನಿಮ್ಮ ಮೂಲ ಬೇಡಿಕೆಗೆ ಹೆಚ್ಚು ಹೊಂದುವುದು ಹೆನೆಪಿನ್ ಗ್ರಾಮದ ಬಳಿಯ ಡಿಕ್ಸನ್ ಜಲಪಕ್ಷಿಧಾಮ. ಕಾರಿನಲ್ಲಿ ಸುಮಾರು ಎರಡು ಗಂಟೆಯ ಹಾದಿ. ಇಲಿನಾಯ್ ನದಿಯ ಪಕ್ಕದ ಹೆನೆಪಿನ್ ಮತ್ತು ಹಾಪರ್ ಎಂಬ ಎರಡು ಸರೋವರಗಳನ್ನು ಒಡ್ಡು ಕಟ್ಟಿ, ಪಂಪು ಹಾಕಿ ಬರಿದುಮಾಡಿ ದಶಕಗಳ ಕಾಲ ಮೆಕ್ಕೆಜೋಳ ಮತ್ತು ಸೋಯಾ ಬೆಳೆಯಲಾಗಿತ್ತು. 2001ರಲ್ಲಿ ಆ ಪಂಪುಗಳನ್ನು ನಿಲ್ಲಿಸಿದಾಗ ಸರೋವರಗಳು ತಮ್ಮ ಹಳೆಯ ಜಾಗದಲ್ಲೇ ಮತ್ತೆ ತುಂಬಿಕೊಂಡವು. 2012ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ನೀರು, ಜೊಂಡು, ದಿಬ್ಬದ ಮೇಲಿನ ಪ್ರೇರಿ, ಓಕ್ ಮರಗಳ ತೋಪು ಇವೆಲ್ಲ ಅಲ್ಲಿ ಅಕ್ಕಪಕ್ಕದಲ್ಲಿವೆ.

ಉತ್ತರ: ಅಗಲಬಯಲು

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ. ಬೈಸನ್‌ಗಾಗಿ ಮಿಡೇವಿನ್‌ಗೆ ಹೋಗಿರೆಂಬ ಸಲಹೆಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಹೇಳಬೇಕು. ಅಲ್ಲಿನ ಬೈಸನ್ ಹಿಂಡಿಗೆ ಬಿಟ್ಟಿರುವ ಆವರಣ ಬಹಳ ವಿಶಾಲವಾಗಿದ್ದು, ಅವು ಬೇಲಿಯ ಆಚೆ ತುದಿಯಲ್ಲಿ ಮಲಗಿದ್ದರೆ ದುರ್ಬೀನಿನಲ್ಲೂ ಕಂದು ಚುಕ್ಕೆಗಳಾಗಿ ಮಾತ್ರ ಕಾಣುತ್ತವೆ, ಕೆಲವು ದಿನ ಅದೂ ಇಲ್ಲ. ಮಗುವಿಗೆ ಬೈಸನ್ ತೋರಿಸುವೆನೆಂದು ಮಾತು ಕೊಟ್ಟು ಕರೆದೊಯ್ದರೆ ಮನೆಯವರೆಲ್ಲ ಬೇಲಿಯ ಕಡೆಗೇ ಕಣ್ಣು ನೆಟ್ಟು, ಕಾಲಬಳಿ ಇರುವುದನ್ನು ನೋಡದೆ ಹಿಂದಿರುಗುತ್ತಾರೆ. "ಹುಲ್ಲು ಬಿಟ್ಟರೆ ಬೇರೇನೂ ಇಲ್ಲ" ಎಂಬ ತೀರ್ಮಾನ ಹುಟ್ಟುವುದು ಹೀಗೆಯೇ.

ಪ್ರೇರಿಯನ್ನು ದೂರದಿಂದ ನೋಡುವ ದೃಶ್ಯವೆಂದು ಭಾವಿಸಿದರೆ ಅದು ಖಂಡಿತ ನಿರಾಶೆ ಮಾಡುತ್ತದೆ. ಅಲ್ಲಿ ಬೆಟ್ಟವಿಲ್ಲ, ಜಲಪಾತವಿಲ್ಲ, ಫೋಟೋಗೆ ತಕ್ಕ ಹಿನ್ನೆಲೆಯೂ ಹೆಚ್ಚಾಗಿ ಇಲ್ಲ. ಒಂದು ಕಡೆ ನಿಂತು, ಕೈಚಾಚಿದಷ್ಟು ಜಾಗದಲ್ಲಿ ಎಷ್ಟು ಬಗೆಯ ಎಲೆಗಳಿವೆ ಎಂದು ನೋಡತೊಡಗಿದಾಗ ಅದು ತೆರೆದುಕೊಳ್ಳುತ್ತದೆ. ನಿಮ್ಮ ತಾಯಿಯವರು ಪ್ರತಿ ಗಿಡಕ್ಕೂ ನಿಲ್ಲುವವರೆಂದರೆ ಇಡೀ ಕುಟುಂಬದಲ್ಲಿ ಪ್ರೇರಿಗೆ ಹೋಗಲು ಸರಿಯಾದ ವ್ಯಕ್ತಿ ಅವರೇ. ಉಳಿದವರು ಅವರ ವೇಗಕ್ಕೆ ಹೊಂದಿಕೊಳ್ಳುವುದು ಒಳ್ಳೆಯದು. ತಂದೆಯವರ ಮಂಡಿಗೂ ಆ ವೇಗವೇ ಸರಿ.

ಅವರಿಗೆ ತೋರಿಸಬೇಕಾದ ಕೆಲವನ್ನು ಹೇಳುತ್ತೇನೆ. ಬಿಗ್ ಬ್ಲೂಸ್ಟೆಮ್‌ನ ತೆನೆ ಮೂರು ಕವಲಾಗಿ ಒಡೆದಿರುವುದರಿಂದ ಇಲ್ಲಿನವರು ಅದನ್ನು ಟರ್ಕಿ ಕೋಳಿಯ ಪಾದವೆಂದೇ ಕರೆಯುತ್ತಾರೆ. ನಮ್ಮ ಜೋಳ, ಕಬ್ಬು, ಲಾವಂಚ ಮತ್ತು ಹೆದ್ದಾರಿಯ ಬದಿಯಲ್ಲಿ ನೀವು ನೋಡಿದ ಮೆಕ್ಕೆಜೋಳ ಇವೆಲ್ಲವೂ ಈ ಹುಲ್ಲು ಸೇರಿದ ಅದೇ ಬಳಗದವು. ಪ್ರೇರಿಯನ್ನು ಉತ್ತು ಅಳಿಸಿದ ಬೆಳೆ ಅದರ ದಾಯಾದಿಯೇ ಎಂದಾಯಿತು. ಕಂಪಾಸ್ ಗಿಡದ ದೊಡ್ಡ ಸೀಳೆಲೆಗಳ ಅಂಚುಗಳು ಉತ್ತರ ದಕ್ಷಿಣಕ್ಕೆ ತಿರುಗಿ, ಮುಖ ಪೂರ್ವ ಪಶ್ಚಿಮಕ್ಕೆ ಇರುತ್ತದೆ. ಬೆಳಗಿನ ಮತ್ತು ಸಂಜೆಯ ಇಳಿಬಿಸಿಲನ್ನು ಹಿಡಿದು, ನಡುಹಗಲಿನ ಕಡುಬಿಸಿಲನ್ನು ತಪ್ಪಿಸಿಕೊಳ್ಳುವ ಉಪಾಯವದು. ಮಗಳ ಕೈಗೆ ಒಂದು ದಿಕ್ಸೂಚಿ ಕೊಟ್ಟರೆ ಬೈಸನ್ ಕಾಣದ ದಿನವೂ ಅವಳಿಗೆ ಕೆಲಸವಿರುತ್ತದೆ. ಆ ಗಿಡದ ತಾಯಿಬೇರು 15 ಅಡಿಗಳವರೆಗೂ ಇಳಿಯಬಲ್ಲದು. ಪ್ರೇರಿಯ ಜೀವರಾಶಿಯಲ್ಲಿ ಅರ್ಧಕ್ಕೂ ಹೆಚ್ಚು ನೆಲದ ಕೆಳಗೇ ಇರುವುದರಿಂದ ನಾವು ಮೇಲೆ ನೋಡುವುದು ಅದರ ಚಿಕ್ಕ ಪಾಲು ಮಾತ್ರ. ಮಿಲ್ಕ್‌ವೀಡ್ ಗಿಡವನ್ನು ಕಂಡರೆ ಎಲೆಯ ಅಡಿಭಾಗ ನೋಡಿ. ಮೊನಾರ್ಕ್ ಚಿಟ್ಟೆಯ ಹಳದಿ, ಕಪ್ಪು, ಬಿಳಿ ಪಟ್ಟೆಯ ಹುಳು ಸಿಗಬಹುದು. ಮಿಲ್ಕ್‌ವೀಡ್ ನಮ್ಮ ಎಕ್ಕದ ಬಂಧು, ಮತ್ತು ಊರಿನಲ್ಲಿ ಎಕ್ಕದ ಮೇಲೆ ಬೆಳೆಯುವ ಕಿತ್ತಳೆ ಚಿಟ್ಟೆಯೂ ಮೊನಾರ್ಕ್‌ನ ಹತ್ತಿರದ ಸಂಬಂಧಿ. ಸೆಪ್ಟೆಂಬರ್‌ನಲ್ಲಿ ಕಾಣುವ ಮೊನಾರ್ಕ್‌ಗಳು ಮೆಕ್ಸಿಕೋದತ್ತ ಹೊರಟಿರುವಂಥವು.

ಇನ್ನು ಜಾಗದ ವಿಷಯ. ಎಂದೂ ನಾಶವಾಗದೆ ಉಳಿದ ಪ್ರೇರಿ ಬೇರೆ, ಉತ್ತ ಹೊಲದಲ್ಲಿ ಬೀಜ ಬಿತ್ತಿ ಮತ್ತೆ ಬೆಳೆಸಿದ ಪ್ರೇರಿ ಬೇರೆ. ಇಲಿನಾಯ್‌ನಲ್ಲಿ ವಲಸಿಗ ರೈತರು ಬರುವ ಮುನ್ನ ಸುಮಾರು 2 ಕೋಟಿ 20 ಲಕ್ಷ ಎಕರೆ ಪ್ರೇರಿ ಇತ್ತು. ಇಂದು ಉತ್ತಮ ಸ್ಥಿತಿಯಲ್ಲಿ ಉಳಿದಿರುವುದು ಸುಮಾರು 2,500 ಎಕರೆ. ಅದೂ ಒಂದೆಡೆ ಇಲ್ಲ. ಹಳೆಯ ಸ್ಮಶಾನಗಳ ಮೂಲೆಗಳಲ್ಲಿ, ರೈಲುಹಳಿಗಳ ಪಕ್ಕದ ಪಟ್ಟಿಗಳಲ್ಲಿ, ಅಂದರೆ ನೇಗಿಲು ತಲುಪದ ಕಡೆಗಳಲ್ಲಿ ಚೂರುಚೂರಾಗಿ ಉಳಿದಿದೆ. ಜಾನ್ ಡಿಯರ್ 1837ರಲ್ಲಿ ಇದೇ ರಾಜ್ಯದ ಗ್ರಾಂಡ್ ಡಿಟೂರ್ ಎಂಬ ಹಳ್ಳಿಯಲ್ಲಿ ಉಕ್ಕಿನ ನೇಗಿಲನ್ನು ರೂಪಿಸಿದ ಮೇಲೆ, ಅಂಟುವ ಕರಿಮಣ್ಣನ್ನು ಸುಲಭವಾಗಿ ಉಳುವುದು ಸಾಧ್ಯವಾಯಿತು. ಮಾರಿಸ್ ಪಟ್ಟಣದ ಬಳಿಯ ಗೂಸ್ ಲೇಕ್ ಪ್ರೇರಿ ರಾಜ್ಯದಲ್ಲಿ ಉಳಿದಿರುವ ಅತಿ ದೊಡ್ಡ ಪ್ರೇರಿ ತುಣುಕು. ಅದರ ಹೆಸರಿಗೆ ಕಾರಣವಾದ ಸರೋವರವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಬರಿದುಮಾಡಿದ್ದರೂ ಅಲ್ಲಲ್ಲಿ ಕುಂಟೆಗಳೂ ಜವುಳು ನೆಲವೂ ಇವೆ. ಸಮತಟ್ಟಾದ ಕಾಲುದಾರಿಯ ಸುತ್ತುಗಳಿದ್ದು, ಚಿಕ್ಕದನ್ನು ಆರಿಸಿಕೊಂಡು ನಡೆಯಬಹುದು. ಮಿಡೇವಿನ್ ಅಲ್ಲಿಂದ ದೂರವಿಲ್ಲ; ಬೆಳಗ್ಗೆ ಗೂಸ್ ಲೇಕ್‌ನಲ್ಲಿ ನಡೆದು, ಸಂಜೆ ಬೈಸನ್ ಬೇಲಿಗೆ ಹೋಗಿ, ಕಂಡರೆ ಕಂಡೀತು ಎಂಬ ಮನಸ್ಸಿನಿಂದ ನೋಡುವುದು ನನ್ನ ಸಲಹೆ.

ಆ ದಿನ ತಂದೆಯವರ ಮಂಡಿ ಸಹಕರಿಸದಿದ್ದರೆ ನಿಮ್ಮ ಉಪನಗರಗಳ ನಡುವೆಯೇ, ಲೈಲ್ ಪಟ್ಟಣದ ಮಾರ್ಟನ್ ಆರ್ಬೊರೀಟಮ್ ಎಂಬ ವೃಕ್ಷೋದ್ಯಾನದಲ್ಲಿ ಶುಲೆನ್‌ಬರ್ಗ್ ಪ್ರೇರಿ ಇದೆ. 1962ರಲ್ಲಿ ಬಿತ್ತನೆ ಆರಂಭಿಸಿದ ಅದು ಮರುಸೃಷ್ಟಿಸಿದ ಪ್ರೇರಿಗಳಲ್ಲಿ ಬಹಳ ಹಳೆಯದು. ಪ್ರವೇಶ ಶುಲ್ಕವಿದೆ, ಆದರೆ ಶೌಚಾಲಯ, ಕುಳಿತುಕೊಳ್ಳುವ ಜಾಗ, ವಾಹನ ನಿಲುಗಡೆ ಎಲ್ಲವೂ ಸಮೀಪದಲ್ಲಿವೆ.

ಉತ್ತರ: ಮಲೆನಾಡಿಗ

ಉಣುಗಿನ ಬಗ್ಗೆ ಯಾರೂ ಹೇಳದಿರುವುದರಿಂದ ಅದೊಂದನ್ನು ವಿವರಿಸುತ್ತೇನೆ. ಮಂಗನ ಕಾಯಿಲೆಯ ಸೀಮೆಯಲ್ಲಿ ಬೆಳೆದ ನಮ್ಮಂಥವರಿಗೆ ಉಣುಗು ಹೊಸ ಪ್ರಾಣಿಯಲ್ಲ. ಭಯಪಟ್ಟು ಮನೆಯಲ್ಲಿ ಕೂರುವ ಅಗತ್ಯವಿಲ್ಲ, ಆದರೆ ಮೈಮರೆಯುವಂತೆಯೂ ಇಲ್ಲ. ಲೈಮ್ ರೋಗವನ್ನು ಹರಡುವುದು ಕರಿಗಾಲಿನ ಉಣುಗು, ಜಿಂಕೆ ಉಣುಗು ಎಂದೂ ಕರೆಯುತ್ತಾರೆ. ಮೇ ತಿಂಗಳಿಂದ ಜುಲೈವರೆಗೆ ಚುರುಕಾಗಿರುವ ಅದರ ಮರಿ ಗಸಗಸೆ ಕಾಳಿನಷ್ಟೇ ಇರುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಈ ಕಾರಣಕ್ಕಾಗಿಯೂ ಸೆಪ್ಟೆಂಬರ್ ಸೂಕ್ತವೆಂಬ ಮಾತಿಗೆ ನನ್ನ ಒಪ್ಪಿಗೆಯಿದೆ. ಅಕ್ಟೋಬರ್‌ನಲ್ಲಿ ಬೆಳೆದ ಉಣುಗುಗಳು ಮತ್ತೆ ಹೊರಬರುತ್ತವೆ, ಆದರೆ ಅವು ದೊಡ್ಡವಾದ್ದರಿಂದ ಹುಡುಕಿ ತೆಗೆಯಬಹುದು.

ಉಣುಗು ಹಾರುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾದಿದ್ದು, ಉಜ್ಜಿಕೊಂಡು ಹೋಗುವ ಮೈಯನ್ನು ಹಿಡಿಯುತ್ತದೆ. ಆದ್ದರಿಂದ ಕತ್ತರಿಸಿ ಅಗಲ ಮಾಡಿರುವ ಕಾಲುದಾರಿಯ ನಡುವೆಯೇ ನಡೆದರೆ ಅಪಾಯದ ಬಹುಪಾಲು ಕಡಿಮೆಯಾಗುತ್ತದೆ. ಹಲಗೆದಾರಿಯ ಮೇಲಂತೂ ಭಯ ಬಹಳ ಕಡಿಮೆ. ತಿಳಿಬಣ್ಣದ ಪೂರ್ಣ ಪ್ಯಾಂಟು ಧರಿಸಿ, ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಉಪಯುಕ್ತ. ತೆರೆದ ಚರ್ಮಕ್ಕೆ ಡೀಟ್ ಎಂಬ ಕೀಟನಿವಾರಕ ಇರುವ ಲೇಪನ ಸಾಕು. ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಬಟ್ಟೆಗೆ ಮತ್ತು ಬೂಟಿಗೆ ಮಾತ್ರ ಹಿಂದಿನ ದಿನವೇ ಸಿಂಪಡಿಸಿ ಒಣಗಿಸಬೇಕು, ಚರ್ಮಕ್ಕೆ ಹಚ್ಚಬಾರದು. ಅಮ್ಮನವರು ಸೀರೆಯಲ್ಲಿ ಹೊರಟರೆ ಅಂಚು ಹುಲ್ಲಿಗೆ ತಾಗುತ್ತಲೇ ಇರುತ್ತದೆ. ಆ ದಿನಕ್ಕೆ ಬೇರೆ ಉಡುಪಿಗೆ ಒಪ್ಪಿಸಿಕೊಳ್ಳುವುದು ಒಳ್ಳೆಯದು.

ಮನೆಗೆ ಬಂದ ಮೇಲಿನ ಕೆಲಸವೇ ಹೆಚ್ಚು ಮುಖ್ಯ. ಬಟ್ಟೆಗಳನ್ನು ಒಗೆಯುವ ಮೊದಲು ಒಣಗಿಸುವ ಯಂತ್ರದ ಹೆಚ್ಚು ಬಿಸಿಯಲ್ಲಿ ಹತ್ತು ನಿಮಿಷ ತಿರುಗಿಸಿದರೆ ಉಣುಗುಗಳು ಸಾಯುತ್ತವೆ. ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂಭಾಗ, ಸೊಂಟದ ಸುತ್ತ, ಕಿವಿಯ ಹಿಂದೆ, ಮಗಳ ಕೂದಲೊಳಗೆ ನೋಡಬೇಕು. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಇವನ್ನೆಲ್ಲ ಮಾಡದೆ, ಮೊನಚಾದ ಚಿಮುಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು. ಲೈಮ್ ರೋಗಾಣು ದಾಟಲು ಸಾಮಾನ್ಯವಾಗಿ 24 ಗಂಟೆಗೂ ಹೆಚ್ಚು ಕಾಲ ಉಣುಗು ಅಂಟಿಕೊಂಡಿರಬೇಕಾಗುತ್ತದೆ ಎಂಬುದರಿಂದ ಅದೇ ಸಂಜೆಯ ತಪಾಸಣೆ ನಿಜವಾದ ರಕ್ಷಣೆ. ನಂತರದ ಒಂದು ತಿಂಗಳೊಳಗೆ ಹರಡುತ್ತಾ ಹೋಗುವ ಕೆಂಪು ಕಲೆ ಅಥವಾ ಜ್ವರ ಕಂಡರೆ ವೈದ್ಯರನ್ನು ಕಾಣಬೇಕು. ತಂದೆತಾಯಿ ಅಷ್ಟರಲ್ಲಿ ಊರಿಗೆ ಮರಳಿದ್ದರೆ ಅಲ್ಲಿನ ವೈದ್ಯರಿಗೆ ಈ ಪ್ರಯಾಣದ ವಿಷಯವನ್ನು ಹೇಳುವಂತೆ ತಿಳಿಸಿರಿ, ಏಕೆಂದರೆ ಅಲ್ಲಿ ಲೈಮ್ ರೋಗವನ್ನು ಯಾರೂ ಮೊದಲಿಗೆ ಊಹಿಸುವುದಿಲ್ಲ.

ಗಿಡಗಳನ್ನು ಮುಟ್ಟಿ ನೋಡುವ ಅಭ್ಯಾಸವುಳ್ಳ ಅಮ್ಮನವರಿಗೆ ಇನ್ನೊಂದು ಮಾತು. ಮುಟ್ಟಿದರೆ ಚರ್ಮದಲ್ಲಿ ತುರಿಕೆ ಎಬ್ಬಿಸುವ, ಮೂರು ಎಲೆಗಳ ಗೊಂಚಲಿನ ಪಾಯಿಸನ್ ಐವಿ ದಾರಿಯಂಚಿನಲ್ಲಿ ಸಾಮಾನ್ಯ. ವೋಲೋ ಬಾಗ್‌ನ ಪೊದೆಗಳಲ್ಲಿ ಅದೇ ಬಗೆಯ ತುರಿಕೆ ತರುವ ಪಾಯಿಸನ್ ಸುಮಾಕ್ ಇದೆ, ಶರತ್ಕಾಲದಲ್ಲಿ ಅದರ ಎಲೆಗಳು ಬಹಳ ಸುಂದರವಾಗಿ ಕೆಂಪಾಗುವುದರಿಂದ ಕೈ ಹೋಗುವುದು ಸಹಜ. ಹಳದಿ ಕೊಡೆಯಂತೆ ಹೂಬಿಡುವ ಕಾಡು ಪಾರ್ಸ್ನಿಪ್‌ನ ರಸ ಚರ್ಮಕ್ಕೆ ತಾಗಿ, ಆ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಗುರುತು ಸಿಗದ ಗಿಡವನ್ನು ಕಣ್ಣಿನಿಂದ ಮಾತ್ರ ನೋಡುವುದು ಕ್ಷೇಮ.

ಮರುಪ್ರಶ್ನೆ: ಕೆರೆದಂಡೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಸೆಪ್ಟೆಂಬರ್ ಮೊದಲ ವಾರ ಗೂಸ್ ಲೇಕ್ ಪ್ರೇರಿ ಮತ್ತು ಮಿಡೇವಿನ್, ಅಕ್ಟೋಬರ್‌ನಲ್ಲಿ ವೋಲೋ ಬಾಗ್ ಎಂದು ನಿರ್ಧರಿಸಿದ್ದೇವೆ. ಉಣುಗಿನ ಕುರಿತಾದ ಉತ್ತರವನ್ನು ಮನೆಯವರಿಗೆಲ್ಲ ಓದಿ ಹೇಳಿದ್ದೇನೆ.

ಈ ಉತ್ತರಗಳನ್ನು ಓದಿದ ಮೇಲೆ ಒಂದು ಸಂದೇಹ ಹುಟ್ಟಿದೆ. ನಮ್ಮ ಮನೆಯ ಸಮೀಪದ ಒಂದು ಚಿಕ್ಕ ಸಂರಕ್ಷಿತ ಪ್ರದೇಶಕ್ಕೆ ಏಪ್ರಿಲ್‌ನಲ್ಲಿ ಬೆಂಕಿ ಹಾಕಿ ಸುಟ್ಟಿದ್ದನ್ನು ನೋಡಿದ್ದೆ. ಸಂರಕ್ಷಣೆಯ ಹೆಸರಿನಲ್ಲಿ ಬೆಂಕಿ ಹಾಕುವುದು ಏಕೆ? ಬೀಜ ಬಿತ್ತಿ, ಬೆಂಕಿ ಹಾಕಿ, ಬೇಲಿಯೊಳಗೆ ಬೈಸನ್ ಬಿಟ್ಟು ಮನುಷ್ಯರೇ ನಡೆಸುವುದಾದರೆ ಅದು ತೋಟವಲ್ಲವೇ, ಅದನ್ನು ಕಾಡುನೆಲವೆಂದು ತಂದೆತಾಯಿಗೆ ತೋರಿಸುವುದು ಸರಿಯೇ?

ಉತ್ತರ: ಅಗಲಬಯಲು

ನಿಮ್ಮ ಸಂದೇಹ ಸರಿಯಾದ ಜಾಗದಲ್ಲೇ ಹುಟ್ಟಿದೆ. ಈ ಭಾಗದ ಮಳೆಯ ಪ್ರಮಾಣಕ್ಕೆ ಇಲ್ಲಿ ಮರಗಳು ಧಾರಾಳವಾಗಿ ಬೆಳೆಯಬಲ್ಲವು. ಬೆಂಕಿ ಮತ್ತು ಮೇಯುವ ಪ್ರಾಣಿಗಳು ಮರಗಳನ್ನು ತಡೆದದ್ದರಿಂದಲೇ ಇದು ಹುಲ್ಲುಗಾವಲಾಗಿ ಉಳಿದಿತ್ತು. ಪ್ರೇರಿಯ ಹುಲ್ಲು ಮತ್ತು ಹೂಗಿಡಗಳ ಬೆಳೆಯುವ ಮೊಗ್ಗುಗಳು ನೆಲದಲ್ಲೋ ಅದಕ್ಕಿಂತ ಕೆಳಗೋ ಇರುತ್ತವೆ, ಮರದ ಸಸಿಯ ಮೊಗ್ಗು ಗಾಳಿಯಲ್ಲಿರುತ್ತದೆ. ಬೆಂಕಿ ಹಾದುಹೋದರೆ ಹುಲ್ಲಿಗೆ ಹೋಗುವುದು ಹೇಗೂ ಸತ್ತಿದ್ದ ಹಳೆಯ ಎಲೆ ಮಾತ್ರ, ಸಸಿಗೆ ಹೋಗುವುದು ಅದರ ಜೀವ. ಸುಟ್ಟ ನೆಲ ಕಪ್ಪಾಗಿ ಬಿಸಿಲನ್ನು ಹೀರಿಕೊಂಡು ಬೇಗ ಬೆಚ್ಚಗಾಗುವುದರಿಂದ ಹೊಸ ಚಿಗುರೂ ಬೇಗ ಬರುತ್ತದೆ, ಮತ್ತು ಬೈಸನ್‌ಗಳು ಆ ಚಿಗುರನ್ನೇ ಹುಡುಕಿಕೊಂಡು ಹೋಗುತ್ತವೆ. ಮಿಂಚಿನಿಂದಲೂ ಬೆಂಕಿ ಹತ್ತುತ್ತಿತ್ತು, ಆದರೆ ಹೆಚ್ಚಿನ ಬೆಂಕಿ ಹಾಕುತ್ತಿದ್ದವರು ಪೊಟವಾಟಮಿ ಮೊದಲಾದ ಇಲ್ಲಿನ ಮೂಲನಿವಾಸಿಗಳು. ಬೇಟೆಗಾಗಿ, ದಾರಿಗಾಗಿ, ಹೊಸ ಮೇವಿಗಾಗಿ ಅವರು ಉದ್ದೇಶಪೂರ್ವಕವಾಗಿಯೇ ಸುಡುತ್ತಿದ್ದರು. ಆದ್ದರಿಂದ ಮನುಷ್ಯರ ಕೈ ಸೋಕದ ಪ್ರೇರಿ ಒಂದಿತ್ತು, ಅದನ್ನು ನಾವು ನಕಲು ಮಾಡುತ್ತಿದ್ದೇವೆ ಎಂಬ ಕಲ್ಪನೆಯೇ ಸರಿಯಲ್ಲ. ಬೆಂಕಿ ನಿಂತ ಮೇಲೆ ಎಷ್ಟೋ ಕಡೆ ಹುಲ್ಲಿನ ಜಾಗವನ್ನು ಪೊದೆ ಆಕ್ರಮಿಸಿತು.

ಇಂದು ಸುಡುವವರು ತರಬೇತಿ ಪಡೆದ ತಂಡದವರು. ಗಾಳಿಯ ದಿಕ್ಕು, ತೇವಾಂಶ ಇವನ್ನು ನೋಡಿ, ವಸಂತದ ಆರಂಭದಲ್ಲೋ ಶರತ್ಕಾಲದ ಕೊನೆಯಲ್ಲೋ ಸುಡುತ್ತಾರೆ. ಹುಲ್ಲಿನ ಕಡ್ಡಿಗಳೊಳಗೆ ಚಳಿಗಾಲ ಕಳೆಯುವ ಕೀಟಗಳಿರುವುದರಿಂದ ಇಡೀ ಪ್ರದೇಶವನ್ನು ಒಮ್ಮೆಲೇ ಸುಡದೆ ಒಂದೊಂದು ವರ್ಷ ಒಂದೊಂದು ಭಾಗವನ್ನು ಆರಿಸಿಕೊಳ್ಳುವುದು ರೂಢಿ. ಸೆಪ್ಟೆಂಬರ್‌ನಲ್ಲಿ ನೀವು ನಡೆಯುವಾಗ ದಾರಿಯ ಒಂದು ಬದಿಯ ಹುಲ್ಲು ಹೆಚ್ಚು ಹೂವಿನಿಂದ ಕೂಡಿ, ಇನ್ನೊಂದು ಬದಿ ಒಣಕಸದಿಂದ ತುಂಬಿದಂತೆ ಕಂಡರೆ ಆ ದಾರಿಯೇ ಬೆಂಕಿಯ ಗಡಿಯಾಗಿತ್ತೆಂದು ಊಹಿಸಬಹುದು.

ನೀರಿನ ಕಥೆಯೂ ಇಂಥದೇ. ಇಲಿನಾಯ್ ತನ್ನ ಜೌಗುಗಳಲ್ಲಿ ಸುಮಾರು ಶೇಕಡಾ 85ರಷ್ಟನ್ನು ಕಳೆದುಕೊಂಡಿದೆ. ಹೊಲಗಳ ಅಡಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಸಾಲುಸಾಲಾಗಿ ಹೂತು ನೀರನ್ನು ಕಾಲುವೆಗೆ ಬಸಿಯುವ ಪದ್ಧತಿಯಿಂದ ಆ ಜೌಗು ಹೊಲವಾಯಿತು. ಜೌಗನ್ನು ಮರಳಿ ತರಲು ಮೊದಲು ಮಾಡುವ ಕೆಲಸ ಆ ಕೊಳವೆಗಳನ್ನು ಹುಡುಕಿ ಒಡೆಯುವುದು. ನೀರು ತಾನಾಗಿ ನಿಲ್ಲುತ್ತದೆ. ಜೇಕು, ಜೊಂಡುಗಳಲ್ಲಿ ಕೆಲವು ತಾವಾಗಿ ಬರುತ್ತವೆ. ಆದರೆ ರೀಡ್ ಕ್ಯಾನರಿ ಹುಲ್ಲು, ಫ್ರಾಗ್‌ಮೈಟಿಸ್ ಜೊಂಡು ಮೊದಲಾದ ಆಕ್ರಮಣಕಾರಿ ಸಸ್ಯಗಳು ಅವಕ್ಕಿಂತ ಮೊದಲೇ ನುಗ್ಗುತ್ತವೆ. ವರ್ಷಗಟ್ಟಲೆ ಸ್ವಯಂಸೇವಕರು ಮಾಡುವ ದುಡಿಮೆಯೆಲ್ಲ ಇವುಗಳ ವಿರುದ್ಧವೇ. ಫ್ರಾಂಕ್ಲಿನ್ ಗ್ರೋವ್ ಬಳಿಯ ನಚೂಸಾ ಹುಲ್ಲುಗಾವಲಿನಲ್ಲಿ 1986ರಿಂದ ಅವರು ಉಳಿದ ತುಣುಕುಗಳಿಂದ ಕೈಯಾರೆ ಬೀಜ ಆಯ್ದು, ಪಕ್ಕದ ಹೊಲಗಳಿಗೆ ಬಿತ್ತುತ್ತಾ ಬಂದಿದ್ದಾರೆ. 2014ರಲ್ಲಿ ಅಲ್ಲಿಗೂ ಬೈಸನ್ ಬಂದವು.

ತೋಟವೇ ಎಂದು ಕೇಳಿದ್ದೀರಿ. ತೋಟದಲ್ಲಿ ಎಲ್ಲಿ ಯಾವುದು ಬೆಳೆಯಬೇಕೆಂದು ಮಾಲಿ ನಿರ್ಧರಿಸುತ್ತಾನೆ, ಇಲ್ಲಿ ಬಿತ್ತಿದ ಮೇಲೆ ಯಾವ ಗಿಡ ಎಲ್ಲಿ ನಿಲ್ಲುತ್ತದೆಂಬುದು ತೇವ ಮತ್ತು ಮಣ್ಣಿನ ಕೈಯಲ್ಲಿದೆ. ಇಷ್ಟಾದರೂ, ಅರವತ್ತು ವರ್ಷ ಆರೈಕೆ ಮಾಡಿದ ಪ್ರೇರಿಯೂ ಉಳುಮೆ ಕಾಣದ ತುಣುಕಿಗೆ ಸಮವಾಗಿಲ್ಲವೆಂಬುದನ್ನು ಈ ಕೆಲಸದಲ್ಲಿರುವವರೇ ಒಪ್ಪುತ್ತಾರೆ. ಗೂಸ್ ಲೇಕ್‌ನ್ನು ಮೊದಲು, ಮಿಡೇವಿನ್‌ನ್ನು ಬಳಿಕ ನೋಡಿ ಎಂದು ಹೇಳಿದ್ದರ ಕಾರಣ ಇದೇ. ಹೀಗಾಗಿ ಮನೆಯವರಿಗೆ ಕಾಡುನೆಲವೆಂದು ಹೇಳದೆ, ಹೀಗೆ ಉಳಿದದ್ದು ಇದು, ಹೀಗೆ ಮರಳಿ ತಂದದ್ದು ಅದು ಎಂದು ಎರಡನ್ನೂ ತೋರಿಸಿ. ವ್ಯತ್ಯಾಸವನ್ನು ನಿಮ್ಮ ತಾಯಿಯವರೇ ಗುರುತಿಸುವರು.

ಉತ್ತರ: ಜೊಂಡುಹಕ್ಕಿ

ಅಕ್ಟೋಬರ್‌ನಲ್ಲಿ ವೋಲೋ ಬಾಗ್‌ಗೆ ಹೋಗುವ ನಿರ್ಧಾರ ಸೊಗಸಾದದ್ದು, ಆದರೆ ತಿಂಗಳ ಮಧ್ಯಭಾಗವನ್ನು ಆರಿಸಿಕೊಳ್ಳಿ. ಟ್ಯಾಮರಾಕ್ ಸೂಚಿಪರ್ಣಿ ಮರವಾದರೂ ಶರತ್ಕಾಲದಲ್ಲಿ ಎಲೆ ಉದುರಿಸುತ್ತದೆ, ಉದುರುವ ಮೊದಲು ಹೊನ್ನಿನ ಹಳದಿಗೆ ತಿರುಗುತ್ತದೆ.

ತಂದೆತಾಯಿಯ ಹಿಂದಿರುಗುವ ಟಿಕೆಟ್ಟನ್ನು ನವೆಂಬರ್ ಮಧ್ಯಕ್ಕೆ ಮುಂದೂಡಲು ಸಾಧ್ಯವಾದರೆ, ನೆರೆಯ ಇಂಡಿಯಾನಾ ರಾಜ್ಯದ ಜಾಸ್ಪರ್ ಪುಲಾಸ್ಕಿ ವನ್ಯಜೀವಿ ಪ್ರದೇಶಕ್ಕೂ ಹೋಗಬಹುದು. ದಕ್ಷಿಣಕ್ಕೆ ಹೊರಟ ಸ್ಯಾಂಡ್‌ಹಿಲ್ ಸಾರಸಗಳು ಸಾವಿರಗಟ್ಟಲೆ ಅಲ್ಲಿ ತಂಗುತ್ತವೆ. ಹಗಲೆಲ್ಲ ಸುತ್ತಲಿನ ಹೊಲಗಳಲ್ಲಿ ಮೇದು ಸೂರ್ಯಾಸ್ತಕ್ಕೆ ಮುಂಚೆ ಬಯಲಿಗೆ ಇಳಿಯುತ್ತವೆ. ಅಲ್ಲಿ ನೋಡಲು ವೇದಿಕೆಯಿದೆ, ನಡೆಯಬೇಕಾದ ದೂರ ತೀರ ಕಡಿಮೆ, ಹೀಗಾಗಿ ಮಂಡಿನೋವಿನವರಿಗೆ ಅತ್ಯಂತ ಅನುಕೂಲ. ಚಳಿ ಮಾತ್ರ ಜೋರು.

ನಿಯಮಗಳ ವಿಷಯದಲ್ಲಿ ಒಂದೆರಡು ಮಾತು. ಇಲ್ಲಿ ಹೂವು, ಬೀಜ, ಗರಿ ಏನನ್ನೂ ಕಿತ್ತು ತರುವಂತಿಲ್ಲ, ಬಿದ್ದಿರುವುದನ್ನೂ ಬಿಡಬೇಕು. ನೆಲದ ಮೇಲೆ ಗೂಡು ಕಟ್ಟುವ ಮೆಡೋಲಾರ್ಕ್, ಬಾಬೊಲಿಂಕ್ ಹಕ್ಕಿಗಳಿರುವುದರಿಂದ ಮೇ ತಿಂಗಳಿಂದ ಜುಲೈವರೆಗೆ ದಾರಿ ಬಿಟ್ಟು ಹುಲ್ಲಿಗಿಳಿಯುವುದು ಗೂಡನ್ನೇ ತುಳಿದಂತೆ. ನಾಯಿಗೆ ಅನೇಕ ಕಡೆ ಪ್ರವೇಶವೇ ಇಲ್ಲ, ಇರುವ ಕಡೆ ಹಗ್ಗ ಬಿಚ್ಚುವಂತಿಲ್ಲ. ಬೇಟೆಯ ಋತುವಿನಲ್ಲಿ ಮಿಡೇವಿನ್‌ನ ಕೆಲವು ಭಾಗಗಳಲ್ಲಿ ಬೇಟೆಗೆ ಅನುಮತಿಯಿರುತ್ತದೆ, ಆದ್ದರಿಂದ ಅಕ್ಟೋಬರ್ ನಂತರ ಹೋಗುವವರು ಮೊದಲೇ ವಿಚಾರಿಸಿ, ಎದ್ದುಕಾಣುವ ಕಿತ್ತಳೆ ಬಣ್ಣದ ಮೇಲಂಗಿ ಧರಿಸುವುದು ಉತ್ತಮ. ಕುಡಿಯುವ ನೀರು ದಾರಿಯಲ್ಲಿ ಎಲ್ಲಿಯೂ ಸಿಗುವುದಿಲ್ಲವೆಂದೇ ಭಾವಿಸಿ, ಎಲ್ಲರಿಗೂ ಬೇಕಾದಷ್ಟನ್ನು ಮನೆಯಿಂದಲೇ ಒಯ್ಯಿರಿ.